‘ಕ್ರೈಸ್ತ’ ಎಂಬ ಹೆಸರಿನ ಜಾಡು ಹಿಡಿದು ಕ್ರೈಸ್ತಮತದ ಉಗಮವನ್ನು ಓದುವ ಬಗೆ

ಕ್ರೈಸ್ತಮತದ ಉಗಮವನ್ನು ಚರಿತ್ರೆಯಾಗಿ ತಿಳಿಯಬೇಕೆಂದು ಹೊರಡುವವರಲ್ಲಿ ಹೆಚ್ಚಿನವರು ಬೈಬಲಿನ ಎರಡನೆಯ ಭಾಗವಾದ ಹೊಸ ಒಡಂಬಡಿಕೆಯ ಮೊದಲ ಪುಟವನ್ನು ತೆರೆದು ಮತ್ತಾಯನ ಸುವಾರ್ತೆಯಿಂದ ಓದತೊಡಗುತ್ತಾರೆ. ಆರಾಧನೆಗೂ ಧ್ಯಾನಕ್ಕೂ ಆ ಕ್ರಮ ಒಪ್ಪುತ್ತದೆ. ಆದರೆ ಯೆರೂಸಲೇಮಿನ ಒಂದು ಸಣ್ಣ ಗುಂಪು ಯಾವಾಗ, ಹೇಗೆ ತನ್ನದೇ ಹೆಸರುಳ್ಳ ಮತವಾಯಿತು ಎಂಬ ಪ್ರಶ್ನೆಗೆ ಆ ಕ್ರಮದಲ್ಲಿ ಉತ್ತರ ಸಿಗುವುದು ಕಷ್ಟ, ಏಕೆಂದರೆ ಗ್ರಂಥದಲ್ಲಿ ಮೊದಲು ಬರುವ ಭಾಗಗಳು ಮೊದಲು ಬರೆದ ಭಾಗಗಳಲ್ಲ. ಇಲ್ಲಿ ನಾನು ಸೂಚಿಸುವ ವಿಧಾನ ಬೇರೆ. ‘ಕ್ರೈಸ್ತ’ ಎಂಬ ಹೆಸರನ್ನೇ ಹಿಡಿದುಕೊಂಡು, ಅದು ಯಾವ ಬರಹಗಳಲ್ಲಿ ಇಲ್ಲ, ಯಾವುದರಲ್ಲಿ ಮೊದಲು ಕಾಣಿಸುತ್ತದೆ, ಯಾರ ಬಾಯಲ್ಲಿ ಕಾಣಿಸುತ್ತದೆ, ವಿಶ್ವಾಸಿಗಳು ಅದನ್ನು ತಮ್ಮದೆಂದು ಹೇಳಿಕೊಳ್ಳತೊಡಗಿದ್ದು ಯಾವಾಗ ಎಂಬುದನ್ನು ಕಾಲಾನುಕ್ರಮದಲ್ಲಿ ಗುರುತಿಸುತ್ತ ಹೋಗಬೇಕು. ಹಾಗೆ ಓದಿದವರಿಗೆ, ಈ ಹೆಸರು ಬಹುಮಟ್ಟಿಗೆ ಹೊರಗಿನವರಿಂದ ಬಂದು, ನ್ಯಾಯಾಧಿಕಾರಿಗಳ ಮುಂದೆ ಆರೋಪವಾಗಿ ನಿಂತು, ಆಮೇಲೆ ವಿಶ್ವಾಸಿಗಳ ಸ್ವಂತ ಹೆಸರಾಯಿತು ಎಂಬುದು ತಾನಾಗಿಯೇ ತಿಳಿಯುತ್ತದೆ.

ಇದಕ್ಕೆ ಬೇಕಾದದ್ದು ಹೆಚ್ಚೇನೂ ಇಲ್ಲ. ಹೊಸ ಒಡಂಬಡಿಕೆಯ ಒಂದು ಕನ್ನಡ ಪ್ರತಿ, ಯೆಹೂದಿ ಇತಿಹಾಸಕಾರ ಜೋಸೆಫಸ್ ಹಾಗೂ ರೋಮನ್ ಲೇಖಕರಾದ ಟ್ಯಾಸಿಟಸ್, ಸ್ಯೂಟೋನಿಯಸ್, ಪ್ಲಿನಿ ಇವರ ಬರಹಗಳಲ್ಲಿ ಸಂಬಂಧಪಟ್ಟ ಕೆಲವೇ ಪುಟಗಳು, ಮತ್ತು ಒಂದು ಟಿಪ್ಪಣಿ ಪುಸ್ತಕ. ಟಿಪ್ಪಣಿ ಪುಸ್ತಕದಲ್ಲಿ ನಾಲ್ಕು ಅಂಕಣಗಳನ್ನು ಹಾಕಿಕೊಳ್ಳಿ: ಬರಹ ಹುಟ್ಟಿದ ಕಾಲ, ಅದು ಹೇಳುವ ಘಟನೆಯ ಕಾಲ, ಬರೆದವರು, ಮತ್ತು ಅಲ್ಲಿ ಈ ಜನರಿಗೆ ಬಳಸಿರುವ ಹೆಸರು. ಮೊದಲ ಎರಡು ಅಂಕಣಗಳನ್ನು ಬೇರೆಬೇರೆಯಾಗಿ ಇಡುವುದು ಬಹಳ ಮುಖ್ಯ. ಈ ವಿಷಯದಲ್ಲಿ ಹುಟ್ಟುವ ಗೊಂದಲಗಳಲ್ಲಿ ಹಲವು, ಘಟನೆಯ ಕಾಲವನ್ನೂ ಅದನ್ನು ಬರೆದ ಕಾಲವನ್ನೂ ಒಂದೇ ಎಂದು ಎಣಿಸುವುದರಿಂದಲೇ ಹುಟ್ಟುತ್ತವೆ.

ಮೊದಲು ನಂತರದ ಪದಗಳನ್ನು ಬದಿಗಿಡಿ

ಓದನ್ನು ಆರಂಭಿಸುವ ಮೊದಲು ‘ಕ್ರೈಸ್ತಮತ’ ಎಂಬ ಪದವನ್ನು ಮನಸ್ಸಿನಿಂದ ಸ್ವಲ್ಪ ಕಾಲ ಹೊರಗಿಡಬೇಕು. ಯೇಸು ಗಲಿಲಾಯದ ಯೆಹೂದಿ. ಅವನ ಮೊದಲ ಶಿಷ್ಯರು ಯೆಹೂದಿಗಳು. ಅವರ ಧರ್ಮಗ್ರಂಥ, ಪ್ರಾರ್ಥನೆ, ಹಬ್ಬಗಳು, ದೇವಾಲಯ ಎಲ್ಲವೂ ಯೆಹೂದಿ ಪರಂಪರೆಗೆ ಸೇರಿದವು. ಅವರು ಹೊಸ ಮತವೊಂದನ್ನು ಸೇರುತ್ತಿದ್ದೇವೆ ಎಂದು ಭಾವಿಸಿರಲಿಲ್ಲ. ಇಸ್ರಾಯೇಲಿಗೆ ದೇವರು ಕೊಟ್ಟ ವಾಗ್ದಾನ ನೆರವೇರಿತೆಂದು ನಂಬಿದ್ದರು. ‘ಕ್ರಿಸ್ತ’ ಎಂಬುದು ಮೂಲತಃ ಯೇಸುವಿನ ಮನೆತನದ ಹೆಸರೂ ಅಲ್ಲ. ಅಭಿಷಿಕ್ತ ಎಂಬ ಅರ್ಥದ ‘ಮೆಸ್ಸೀಯ’ ಎಂಬ ಹೀಬ್ರೂ ಪದಕ್ಕೆ ಗ್ರೀಕಿನಲ್ಲಿ ಇರುವ ಸಮಾನಪದ ‘ಕ್ರಿಸ್ತೋಸ್’. ಅರಸರನ್ನೂ ಯಾಜಕರನ್ನೂ ಎಣ್ಣೆಯಿಂದ ಅಭಿಷೇಕಿಸುತ್ತಿದ್ದ ಪದ್ಧತಿಯಿಂದ ಬಂದ ಆ ಬಿರುದು, ಕಾಲಕ್ರಮದಲ್ಲಿ ವ್ಯಕ್ತಿನಾಮದಂತೆ ಬಳಕೆಯಾಯಿತು. ಬಿರುದು ಹೆಸರಾಗಿ ಮಾರ್ಪಟ್ಟ ಈ ಸಂಗತಿಯನ್ನು ನೆನಪಿನಲ್ಲಿಡಿ. ಈ ಹೆಸರು ಹುಟ್ಟಿದ ಅಂತಿಯೋಕ್ಯ ನಗರದ ಪ್ರಸಂಗಕ್ಕೆ ಬಂದಾಗ ಇದು ಮತ್ತೆ ಬೇಕಾಗುತ್ತದೆ.

ಕಾಲದ ಗಡಿಗಳನ್ನು ಬೇಗನೆ ಗುರುತಿಸಿಕೊಳ್ಳಬಹುದು. ಮತ್ತಾಯನೂ ಲೂಕನೂ ಯೇಸುವಿನ ಜನನವನ್ನು ಮಹಾ ಹೆರೋದನ ಕಾಲಕ್ಕೆ ಜೋಡಿಸುತ್ತಾರೆ. ಹೆರೋದನು ಕ್ರಿ.ಪೂ. 4ರಲ್ಲಿ ಸತ್ತನೆಂಬುದು ಬಹುಪಾಲು ವಿದ್ವಾಂಸರ ಮತವಾದ್ದರಿಂದ, ಯೇಸುವಿನ ಜನನ ಅದಕ್ಕೂ ಮುಂಚಿನದು. 6ನೆಯ ಶತಮಾನದ ಸನ್ಯಾಸಿ ಡಯೊನೀಸಿಯಸ್ ಕ್ರಿಸ್ತಶಕದ ಎಣಿಕೆಯನ್ನು ಹಾಕಿದಾಗ ಕೆಲವು ವರ್ಷಗಳ ವ್ಯತ್ಯಾಸ ಉಳಿದುಬಿಟ್ಟಿತು. ಯೇಸುವಿಗೆ ಮರಣದಂಡನೆ ವಿಧಿಸಿದ ರೋಮನ್ ಅಧಿಪತಿ ಪೊಂತ್ಯ ಪಿಲಾತನು ಯೂದಾಯವನ್ನು ಆಳಿದ್ದು ಕ್ರಿ.ಶ. 26ರಿಂದ 36ರವರೆಗೆ; ಯೇಸುವನ್ನು ಶಿಲುಬೆಗೇರಿಸಿದ ವರ್ಷ ಹೆಚ್ಚಿನ ವಿದ್ವಾಂಸರ ಪ್ರಕಾರ 30 ಅಥವಾ 33. ಪಿಲಾತನ ಹೆಸರನ್ನು ಹೊತ್ತ ಕಲ್ಲೊಂದು 1961ರಲ್ಲಿ ಕೈಸರೈಯದ ಉತ್ಖನನದಲ್ಲಿ ದೊರೆಯಿತು.

ಪೌಲನ ಪತ್ರಗಳಿಂದ ಆರಂಭಿಸಿ

ನಮಗೆ ಉಳಿದಿರುವ ಕ್ರೈಸ್ತ ಬರಹಗಳಲ್ಲಿ ಅತಿ ಹಳೆಯವು ಸುವಾರ್ತೆಗಳಲ್ಲ, ಯೆಹೂದಿಗಳಲ್ಲದ ಅನ್ಯಜನರಿಗೆ ಯೇಸುವನ್ನು ಸಾರಿದ ಅಪೊಸ್ತಲ ಪೌಲನ ಪತ್ರಗಳು. ಥೆಸಲೋನಿಕದವರಿಗೆ ಬರೆದ ಮೊದಲನೆಯ ಪತ್ರ ಸುಮಾರು ಕ್ರಿ.ಶ. 50ರದು. ಈ ಕಾಲನಿರ್ಣಯಕ್ಕೆ ಒಂದು ಗಟ್ಟಿಯಾದ ಆಧಾರವೂ ಇದೆ. ಪೌಲನು ಕೊರಿಂಥದಲ್ಲಿದ್ದಾಗ ಗಲ್ಲಿಯೋನನೆಂಬ ಅಧಿಪತಿಯ ಮುಂದೆ ಅವನನ್ನು ನಿಲ್ಲಿಸಿದರೆಂದು ಹೊಸ ಒಡಂಬಡಿಕೆಯಲ್ಲಿ ಮೊದಲ ಶಿಷ್ಯರ ಚರಿತ್ರೆಯನ್ನು ಹೇಳುವ ಅಪೊಸ್ತಲರ ಕೃತ್ಯಗಳು ಎಂಬ ಪುಸ್ತಕದ 18ನೆಯ ಅಧ್ಯಾಯ ಹೇಳುತ್ತದೆ; ಡೆಲ್ಫಿಯಲ್ಲಿ ಸಿಕ್ಕ ಶಾಸನವೊಂದರಿಂದ ಗಲ್ಲಿಯೋನನು ಸುಮಾರು 51–52ರಲ್ಲಿ ಕೊರಿಂಥವಿದ್ದ ಅಖಾಯ ಪ್ರಾಂತ್ಯದ ಅಧಿಕಾರಿಯಾಗಿದ್ದನೆಂದು ತಿಳಿಯುತ್ತದೆ. ಪೌಲನ ಹೆಸರಿನಲ್ಲಿರುವ 13 ಪತ್ರಗಳಲ್ಲಿ ರೋಮಾಪುರದವರಿಗೆ, ಕೊರಿಂಥದವರಿಗೆ ಬರೆದ ಎರಡು, ಗಲಾತ್ಯದವರಿಗೆ, ಫಿಲಿಪ್ಪಿಯವರಿಗೆ, ಥೆಸಲೋನಿಕದವರಿಗೆ ಬರೆದ ಮೊದಲನೆಯದು ಮತ್ತು ಫಿಲೆಮೋನನಿಗೆ ಬರೆದದ್ದು, ಈ ಏಳನ್ನು ಪೌಲನೇ ಬರೆದನೆಂಬುದರಲ್ಲಿ ವಿದ್ವಾಂಸರಿಗೆ ಸಂದೇಹವಿಲ್ಲ. ನಿಮ್ಮ ಓದನ್ನು ಸದ್ಯಕ್ಕೆ ಈ ಏಳಕ್ಕೆ ಸೀಮಿತಗೊಳಿಸಿಕೊಳ್ಳಿ.

ಓದುವಾಗ ಹೆಸರಿನ ಅಂಕಣವನ್ನು ತುಂಬುತ್ತ ಹೋದರೆ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ: ‘ಕ್ರೈಸ್ತ’ ಎಂಬ ಪದ ಈ ಪತ್ರಗಳಲ್ಲಿ ಒಮ್ಮೆಯೂ ಬರುವುದಿಲ್ಲ. ಪೌಲನು ತನ್ನ ಓದುಗರನ್ನು ಸಹೋದರರೆಂದು, ದೇವಜನರೆಂದು, ನಂಬುವವರೆಂದು, ಕ್ರಿಸ್ತನಲ್ಲಿ ಇರುವವರೆಂದು ಕರೆಯುತ್ತಾನೆ. ಅವರ ಕೂಟವನ್ನು ‘ಸಭೆ’ ಎನ್ನುತ್ತಾನೆ. ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ ಮೊದಲ ಅಧ್ಯಾಯವನ್ನು ಇಲ್ಲಿ ವಿಶೇಷವಾಗಿ ಗಮನಿಸಬೇಕು. ಅಲ್ಲಿನ ವಿಶ್ವಾಸಿಗಳು ನಾನು ಪೌಲನವನು, ನಾನು ಅಪೊಲ್ಲೋಸನವನು, ನಾನು ಕೇಫನವನು (ಅಂದರೆ ಪೇತ್ರನವನು), ನಾನು ಕ್ರಿಸ್ತನವನು ಎಂದು ಪಂಗಡಗಳಾಗಿ ಒಡೆದಿದ್ದಾರೆ. ಪೌಲನು ಅದನ್ನು ಕಟುವಾಗಿ ಖಂಡಿಸುತ್ತಾನೆ. ನಾಯಕನ ಹೆಸರಿನಿಂದ ಗುಂಪನ್ನು ಗುರುತಿಸುವ ವಾಡಿಕೆಯ ಬಗ್ಗೆ ಅವನಿಗಿದ್ದ ಅಸಮಾಧಾನ ಇಲ್ಲಿ ಸ್ಪಷ್ಟವಾಗಿದೆ.

ಅದೇ ಪತ್ರದ 15ನೆಯ ಅಧ್ಯಾಯದ ಆರಂಭದ ವಚನಗಳನ್ನು ನಿಧಾನವಾಗಿ ಓದಿ. ಕ್ರಿಸ್ತನು ಸತ್ತನು, ಹೂಣಲ್ಪಟ್ಟನು, ಮೂರನೆಯ ದಿನ ಎಬ್ಬಿಸಲ್ಪಟ್ಟನು, ಕೇಫನಿಗೂ ಹನ್ನೆರಡು ಮಂದಿಗೂ ಕಾಣಿಸಿಕೊಂಡನು ಎಂಬುದನ್ನು ತಾನು ಇತರರಿಂದ ಪಡೆದು ಒಪ್ಪಿಸಿಕೊಟ್ಟೆನೆಂದು ಪೌಲನೇ ಹೇಳುತ್ತಾನೆ. ಪತ್ರ 50ರ ದಶಕದ್ದು. ಅದರೊಳಗಿನ ಸಾಕ್ಷ್ಯವಾಕ್ಯ ಅದಕ್ಕಿಂತ ಹಳೆಯದು. ಉಗಮಕ್ಕೆ ಅತಿ ಹತ್ತಿರವಿರುವ ಲಿಖಿತ ಪುರಾವೆ ಇದೇ ಎಂದು ನಾನು ಎಣಿಸುತ್ತೇನೆ. ಬಳಿಕ ಗಲಾತ್ಯದವರಿಗೆ ಬರೆದ ಪತ್ರದ ಮೊದಲೆರಡು ಅಧ್ಯಾಯಗಳಿಗೆ ಬನ್ನಿ. ತನಗೆ ಯೇಸು ಪ್ರಕಟವಾದ ಮೂರು ವರ್ಷಗಳ ಮೇಲೆ ಯೆರೂಸಲೇಮಿಗೆ ಹೋಗಿ ಕೇಫನ ಬಳಿ ಹದಿನೈದು ದಿನ ಇದ್ದುದನ್ನೂ, ಕರ್ತನ ಸಹೋದರ ಯಾಕೋಬನನ್ನು ಕಂಡುದನ್ನೂ, ಹದಿನಾಲ್ಕು ವರ್ಷಗಳ ಮೇಲೆ ಮತ್ತೆ ಹೋದುದನ್ನೂ ಪೌಲನು ವಿವರಿಸುತ್ತಾನೆ. ಆ ಮೇಲೆ ಅಂತಿಯೋಕ್ಯದ ಜಗಳ ಬರುತ್ತದೆ. ಸುನ್ನತಿಯಿಲ್ಲದ ಅನ್ಯಜನರೊಂದಿಗೆ ಒಂದೇ ಪಂಕ್ತಿಯಲ್ಲಿ ಊಟಮಾಡುತ್ತಿದ್ದ ಕೇಫನು, ಯಾಕೋಬನ ಕಡೆಯವರು ಬಂದ ಮೇಲೆ ಹಿಂದೆ ಸರಿದನು; ಪೌಲನು ಎಲ್ಲರ ಮುಂದೆಯೇ ಅವನನ್ನು ಆಕ್ಷೇಪಿಸಿದನು. ಯಾರೊಂದಿಗೆ ಕುಳಿತು ಉಣ್ಣಬಹುದು ಎಂಬ ಪ್ರಶ್ನೆಯೇ ಆ ದಿನಗಳಲ್ಲಿ ಸಮುದಾಯದ ಗಡಿಯನ್ನು ನಿರ್ಧರಿಸುತ್ತಿತ್ತು. ಆ ಗಡಿ ಮೊದಲು ಅಲುಗಾಡಿದ ಊರಿನಲ್ಲಿಯೇ ಹೊಸ ಹೆಸರೂ ಹುಟ್ಟಿದ್ದು ಆಕಸ್ಮಿಕವೆಂದು ನನಗೆ ತೋರುವುದಿಲ್ಲ.

ಅಂತಿಯೋಕ್ಯದ ವಚನವನ್ನು ಬಿಡಿಸಿ ಓದಿ

ಈಗ ಅಪೊಸ್ತಲರ ಕೃತ್ಯಗಳ 11ನೆಯ ಅಧ್ಯಾಯದ 19ರಿಂದ 26ರವರೆಗಿನ ವಚನಗಳನ್ನು ತೆರೆಯಿರಿ. ಸ್ತೆಫನನ ಕೊಲೆಯ ನಂತರ ಚದರಿಹೋದವರು ಫೊಯಿನಿಕೆ, ಕುಪ್ರ, ಅಂತಿಯೋಕ್ಯಗಳವರೆಗೆ ಹೋಗುತ್ತಾರೆ. ಮೊದಲು ಯೆಹೂದಿಗಳಿಗೆ ಮಾತ್ರ ವಾಕ್ಯವನ್ನು ಸಾರುತ್ತಾರೆ. ಆದರೆ ಕುಪ್ರ ಮತ್ತು ಕುರೇನೆಯವರಾದ ಕೆಲವರು ಅಂತಿಯೋಕ್ಯದಲ್ಲಿ ಗ್ರೀಕರಿಗೂ ಸಾರುತ್ತಾರೆ. ಸುದ್ದಿ ತಿಳಿದ ಯೆರೂಸಲೇಮಿನ ಸಭೆ ಬಾರ್ನಬನನ್ನು ಕಳುಹಿಸುತ್ತದೆ. ಅವನು ತಾರ್ಸಕ್ಕೆ ಹೋಗಿ ಸೌಲನನ್ನು, ಅಂದರೆ ಪೌಲನನ್ನು, ಕರೆತರುತ್ತಾನೆ. ಇಬ್ಬರೂ ಒಂದು ವರ್ಷವಿಡೀ ಅಲ್ಲಿ ಬೋಧಿಸುತ್ತಾರೆ. ಶಿಷ್ಯರಿಗೆ ಕ್ರೈಸ್ತರೆಂಬ ಹೆಸರು ಮೊದಲು ಅಂತಿಯೋಕ್ಯದಲ್ಲಿ ಬಂತೆಂದು 26ನೆಯ ವಚನ ತಿಳಿಸುತ್ತದೆ. ಇದರ ಬೆನ್ನಲ್ಲೇ ಚಕ್ರವರ್ತಿ ಕ್ಲಾಡಿಯಸನ ಕಾಲದ ಬರಗಾಲದ ಉಲ್ಲೇಖ ಬರುವುದರಿಂದ, ಲೇಖಕನ ಎಣಿಕೆಯಲ್ಲಿ ಇದು 40ರ ದಶಕದ ಸುಮಾರಿನ ಘಟನೆ. ಕ್ಲಾಡಿಯಸ್ ಆಳಿದ್ದು 41ರಿಂದ 54ರವರೆಗೆ.

ಊರಿನ ಸ್ವರೂಪ ತಿಳಿದರೆ ವಚನ ಇನ್ನಷ್ಟು ತೆರೆದುಕೊಳ್ಳುತ್ತದೆ. ಒರೊಂಟಿಸ್ ನದಿಯ ದಡದಲ್ಲಿದ್ದ, ಇಂದು ತುರ್ಕಿಯ ಅಂತಾಕ್ಯ ಎನಿಸಿಕೊಳ್ಳುವ ಈ ನಗರ ರೋಮನ್ ಸಿರಿಯಾ ಪ್ರಾಂತ್ಯದ ರಾಜಧಾನಿಯಾಗಿತ್ತು. ಸಾಮ್ರಾಜ್ಯದ ನಗರಗಳಲ್ಲಿ ಇದಕ್ಕೆ ಮೂರನೆಯ ಸ್ಥಾನವೆಂದು ಜೋಸೆಫಸ್ ಬರೆದಿದ್ದಾನೆ. ಅಲ್ಲಿ ದೊಡ್ಡ ಯೆಹೂದಿ ಸಮುದಾಯವಿತ್ತೆಂದೂ, ಬಹಳ ಮಂದಿ ಗ್ರೀಕರು ಅವರ ಆರಾಧನೆಯತ್ತ ಸೆಳೆಯಲ್ಪಡುತ್ತಿದ್ದರೆಂದೂ ಅವನೇ ತಿಳಿಸುತ್ತಾನೆ. ಗ್ರೀಕರು ಯೆಹೂದಿಗಳ ಸಭಾಮಂದಿರದ ಸುತ್ತ ಸುಳಿಯುವುದು ಅಲ್ಲಿ ಹೊಸದಲ್ಲ. ಸುನ್ನತಿ ಮಾಡಿಸಿಕೊಳ್ಳದ ಗ್ರೀಕರನ್ನೂ ಯೆಹೂದಿಗಳನ್ನೂ ಒಂದೇ ಕೂಟದಲ್ಲಿ ಸಮಾನರನ್ನಾಗಿ ಕೂರಿಸಿದ್ದು ಹೊಸದು. ಆ ಕೂಟವನ್ನು ಯೆಹೂದಿಗಳೆನ್ನಲೂ ಗ್ರೀಕರೆನ್ನಲೂ ಬಾರದಂತಾದಾಗ ಬೇರೊಂದು ಹೆಸರು ಬೇಕಾಯಿತು.

ಹೆಸರಿನ ರಚನೆಯನ್ನೂ ಪರೀಕ್ಷಿಸಬೇಕು. ಗ್ರೀಕಿನ ‘ಕ್ರಿಸ್ತಿಯಾನೋಸ್’ ಎಂಬ ರೂಪದಲ್ಲಿರುವ ಪ್ರತ್ಯಯ ಲ್ಯಾಟಿನ್ ಮೂಲದ್ದು. ಒಬ್ಬ ನಾಯಕನ ಪಕ್ಷದವರನ್ನು ಅಥವಾ ಆಶ್ರಿತರನ್ನು ಸೂಚಿಸಲು ರೋಮನರು ಅದನ್ನು ಬಳಸುತ್ತಿದ್ದರು. ರೋಮನ್ ಸೇನಾಪತಿ ಪಾಂಪೆಯ ಕಡೆಯವರನ್ನು ಕರೆಯುತ್ತಿದ್ದುದು ಹೀಗೆಯೇ. ಮಾರ್ಕನ ಸುವಾರ್ತೆಯ 3ನೆಯ ಮತ್ತು 12ನೆಯ ಅಧ್ಯಾಯಗಳಲ್ಲಿ ಬರುವ ‘ಹೆರೋದಿಯರು’ ಎಂಬ ಹೆಸರಿನ ರಚನೆಯೂ ಇದೇ. ಇದರಿಂದ ಎರಡು ತೀರ್ಮಾನಗಳು ಹೊರಡುತ್ತವೆ. ಮೊದಲನೆಯದಾಗಿ, ಯೇಸುವನ್ನು ಒಪ್ಪದ ಯೆಹೂದಿಗಳು ಈ ಹೆಸರನ್ನು ಕೊಟ್ಟಿರಲಾರರು, ಏಕೆಂದರೆ ಹಾಗೆ ಕರೆದರೆ ಯೇಸುವನ್ನು ಮೆಸ್ಸೀಯನೆಂದು ಒಪ್ಪಿಕೊಂಡಂತಾಗುತ್ತಿತ್ತು. ಎರಡನೆಯದಾಗಿ, ಕೊಟ್ಟವರಿಗೆ ‘ಕ್ರಿಸ್ತ’ ಎಂಬುದು ಬಿರುದಾಗಿರದೆ ಯಾರೋ ಒಬ್ಬ ನಾಯಕನ ಹೆಸರಾಗಿ ಕೇಳಿಸಿರಬೇಕು. ಆದ್ದರಿಂದ ಅಂತಿಯೋಕ್ಯದ ಅನ್ಯಜನರು, ಪ್ರಾಯಶಃ ರೋಮನ್ ಆಡಳಿತದ ವಲಯದವರು, ಈ ಹೆಸರನ್ನು ಇಟ್ಟರೆಂಬ ವಿವರಣೆಗೆ ಹೆಚ್ಚಿನ ಬೆಂಬಲವಿದೆ. ಆ ವಚನದ ಗ್ರೀಕ್ ಕ್ರಿಯಾಪದಕ್ಕೆ ‘ಹೆಸರು ತಳೆದರು’ ಎಂಬ ಅರ್ಥವನ್ನೂ ಹೇಳಬಹುದಾದ್ದರಿಂದ ಶಿಷ್ಯರೇ ಅದನ್ನು ಇಟ್ಟುಕೊಂಡರೆಂದು ವಾದಿಸುವ ವಿದ್ವಾಂಸರೂ ಇದ್ದಾರೆ. ಆದರೆ ಪೌಲನ ಮೌನವನ್ನು ಕಂಡುಕೊಂಡು ಇಲ್ಲಿಗೆ ಬಂದವರಿಗೆ ಆ ವಾದ ದುರ್ಬಲವೆನಿಸುತ್ತದೆ: ಅಂತಿಯೋಕ್ಯದಲ್ಲಿ ವರ್ಷವಿಡೀ ಇದ್ದವನು, ಅಲ್ಲಿನವರೇ ಸಂತೋಷದಿಂದ ತಳೆದ ಹೆಸರನ್ನು ಮುಂದೆ ಬರೆದ ಪತ್ರಗಳಲ್ಲಿ ಒಮ್ಮೆಯೂ ಬಳಸದಿರುವುದು ಸಹಜವಲ್ಲ.

ಇಲ್ಲಿ ಮೊದಲೆರಡು ಅಂಕಣಗಳು ಕೆಲಸಕ್ಕೆ ಬರುತ್ತವೆ. ಘಟನೆ 40ರ ದಶಕದ್ದು. ಅಪೊಸ್ತಲರ ಕೃತ್ಯಗಳನ್ನು ಬರೆದದ್ದು ಹೆಚ್ಚಿನ ವಿದ್ವಾಂಸರ ಅಭಿಪ್ರಾಯದಲ್ಲಿ 80–90ರ ಸುಮಾರಿಗೆ. ಲೇಖಕನು ನೆನಪನ್ನು ದಾಖಲಿಸುತ್ತಿದ್ದಾನೆಂಬ ಎಚ್ಚರ ಇರಲಿ.

ಹೊಸ ಒಡಂಬಡಿಕೆಯಲ್ಲಿ ಈ ಹೆಸರು ಇನ್ನೆರಡು ಕಡೆ ಮಾತ್ರ ಬರುತ್ತದೆ. ಅಪೊಸ್ತಲರ ಕೃತ್ಯಗಳ 26ನೆಯ ಅಧ್ಯಾಯದಲ್ಲಿ ಅದು ಅರಸ ಅಗ್ರಿಪ್ಪನ ಮಾತು; ಪೌಲನು ತನ್ನ ಉತ್ತರದಲ್ಲಿ ಆ ಪದವನ್ನು ಎತ್ತಿಕೊಳ್ಳದೆ, ಎಲ್ಲರೂ ತನ್ನಂತೆ ಆಗಬೇಕೆಂದು ಮಾತ್ರ ಹಾರೈಸುತ್ತಾನೆ. ಪೇತ್ರನು ಬರೆದ ಮೊದಲನೆಯ ಪತ್ರದ 4ನೆಯ ಅಧ್ಯಾಯದಲ್ಲಿ, ಕೊಲೆಗಾರನಾಗಿ ಅಥವಾ ಕಳ್ಳನಾಗಿ ಬಾಧೆಪಡಬಾರದು, ಕ್ರೈಸ್ತನಾಗಿ ಬಾಧೆಪಟ್ಟರೆ ನಾಚಿಕೊಳ್ಳದೆ ಆ ಹೆಸರಿನಿಂದಲೇ ದೇವರನ್ನು ಘನಪಡಿಸಬೇಕು ಎಂಬ ಬುದ್ಧಿವಾದವಿದೆ. ಅಪರಾಧಗಳ ಸಾಲಿನ ಪಕ್ಕದಲ್ಲಿ ಈ ಹೆಸರು ನಿಂತಿರುವುದೇ ಅದನ್ನು ಆಗ ಯಾರು, ಯಾವ ಉದ್ದೇಶಕ್ಕೆ ಬಳಸುತ್ತಿದ್ದರೆಂಬುದನ್ನು ತಿಳಿಸುತ್ತದೆ.

ಇದರ ಜೊತೆಗೆ ಅಪೊಸ್ತಲರ ಕೃತ್ಯಗಳ 24ನೆಯ ಅಧ್ಯಾಯವನ್ನೂ ಓದಿ. ಅಧಿಪತಿ ಫೇಲಿಕ್ಸನ ಮುಂದೆ ವಕೀಲ ತೆರ್ತುಲ್ಲನು ಪೌಲನನ್ನು ನಜರೇತಿನವರ ಪಂಗಡದ ಮುಖಂಡನೆಂದು ದೂರುತ್ತಾನೆ. ಪೌಲನು ತಾನು ‘ಮಾರ್ಗ’ಕ್ಕನುಸಾರವಾಗಿ ಪಿತೃಗಳ ದೇವರನ್ನು ಆರಾಧಿಸುವವನೆಂದೂ, ಅದನ್ನೇ ಇವರು ಪಂಗಡವೆನ್ನುತ್ತಾರೆಂದೂ ಉತ್ತರಿಸುತ್ತಾನೆ. ಒಂದೇ ವಿಚಾರಣೆಯಲ್ಲಿ ಒಂದೇ ಜನಕ್ಕೆ ಎದುರಾಳಿಗಳು ಕೊಟ್ಟ ಹೆಸರು ಒಂದು, ತಾವು ಹೇಳಿಕೊಂಡ ಹೆಸರು ಇನ್ನೊಂದು. ನಿಮ್ಮ ಟಿಪ್ಪಣಿಯಲ್ಲಿ ಇವೆರಡನ್ನೂ ಎದುರುಬದುರು ಬರೆದಿಡಿ.

ಹೊರಗಿನವರ ಸಾಕ್ಷ್ಯಕ್ಕೆ ಬನ್ನಿ

ಜೋಸೆಫಸನು 93–94ರ ಸುಮಾರಿಗೆ ಮುಗಿಸಿದ ಯೆಹೂದಿ ಇತಿಹಾಸದ 20ನೆಯ ಸಂಪುಟದಲ್ಲಿ, ಕ್ರಿಸ್ತನೆನಿಸಿಕೊಂಡ ಯೇಸುವಿನ ಸಹೋದರ ಯಾಕೋಬನ ಕೊಲೆಯ ಪ್ರಸ್ತಾಪವಿದೆ. ಅದು 62ರ ಘಟನೆ. 18ನೆಯ ಸಂಪುಟದಲ್ಲಿ ಯೇಸುವಿನ ಬಗ್ಗೆ ಇರುವ ಇನ್ನೊಂದು ಭಾಗಕ್ಕೆ ನಂತರದ ಕ್ರೈಸ್ತ ಲಿಪಿಕಾರರು ಮಾತುಗಳನ್ನು ಸೇರಿಸಿದ್ದಾರೆಂಬುದು ಬಹುಪಾಲು ವಿದ್ವಾಂಸರ ಮತ. ಆದ್ದರಿಂದ ಅದರ ಮೇಲೆ ಭಾರ ಹಾಕದೆ ಮುಂದೆ ಸಾಗುವುದು ಕ್ಷೇಮ.

ಟ್ಯಾಸಿಟಸನು ಸುಮಾರು 116ರಲ್ಲಿ ಬರೆದ ಇತಿಹಾಸದ 15ನೆಯ ಸಂಪುಟದ 44ನೆಯ ಅಧ್ಯಾಯಕ್ಕೆ ಹೆಚ್ಚು ಸಮಯ ಕೊಡಿ. 64ರ ಜುಲೈ ತಿಂಗಳಿನಲ್ಲಿ ರೋಮ್ ನಗರಕ್ಕೆ ಬೆಂಕಿ ಬಿದ್ದಾಗ ನೀರೋ ತನ್ನ ಮೇಲಿನ ಅನುಮಾನವನ್ನು ತಪ್ಪಿಸಿಕೊಳ್ಳಲು, ಸಾಮಾನ್ಯ ಜನರು ಕ್ರೈಸ್ತರೆಂದು ಕರೆಯುತ್ತಿದ್ದವರ ಮೇಲೆ ದೋಷ ಹೊರಿಸಿ ಘೋರವಾಗಿ ಶಿಕ್ಷಿಸಿದನೆಂದೂ, ಈ ಹೆಸರಿಗೆ ಮೂಲನಾದ ಕ್ರಿಸ್ತನನ್ನು ಚಕ್ರವರ್ತಿ ತಿಬೇರಿಯನ ಆಳ್ವಿಕೆಯಲ್ಲಿ ಪಿಲಾತನು ಮರಣದಂಡನೆಗೆ ಗುರಿಪಡಿಸಿದನೆಂದೂ ಅವನು ಬರೆಯುತ್ತಾನೆ. ಅವನಿಗೆ ಈ ಜನರ ಮೇಲೆ ತಿರಸ್ಕಾರವಿತ್ತು. ಹಾಗಾಗಿ ಅವರ ಪರವಾಗಿ ಕಲ್ಪಿಸಿ ಬರೆದನೆಂಬ ಸಂಶಯಕ್ಕೆ ಎಡೆಯಿಲ್ಲ. ಹೆಸರು ಕೊಟ್ಟವರು ಜನಸಾಮಾನ್ಯರೆಂಬ ಅವನ ಮಾತು ಅಂತಿಯೋಕ್ಯದ ವಚನಕ್ಕೆ ಹೊಂದುತ್ತದೆ.

ಟ್ಯಾಸಿಟಸನ ಈ ಭಾಗದ ಹಸ್ತಪ್ರತಿಯಲ್ಲಿ ಮೊದಲು ಬರೆದಿದ್ದ ರೂಪ ‘ಕ್ರೆಸ್ತಿಯಾನರು’; ಆಮೇಲೆ ‘ಕ್ರೆ’ಯನ್ನು ‘ಕ್ರಿ’ ಎಂದು ತಿದ್ದಲಾಗಿದೆ. ಸ್ಯೂಟೋನಿಯಸನು ಕ್ಲಾಡಿಯಸನ ಚರಿತ್ರೆಯಲ್ಲಿ, ‘ಕ್ರೆಸ್ತಸ್’ ಎಂಬವನ ಪ್ರಚೋದನೆಯಿಂದ ಗಲಭೆ ಮಾಡುತ್ತಿದ್ದ ಯೆಹೂದಿಗಳನ್ನು ರೋಮಿನಿಂದ ಹೊರಹಾಕಲಾಯಿತೆನ್ನುತ್ತಾನೆ. ಗ್ರೀಕ್ ಬೈಬಲಿನ 4ನೆಯ ಶತಮಾನದ ಪ್ರತಿಯಾದ ಸಿನಾಯ್ ಹಸ್ತಪ್ರತಿಯಲ್ಲಿ ಹೊಸ ಒಡಂಬಡಿಕೆಯ ಮೂರೂ ಕಡೆ ಮೊದಲ ಲಿಪಿಕಾರನು ಬರೆದದ್ದು ಇದೇ ಬಗೆಯ ರೂಪವನ್ನು. ಒಳ್ಳೆಯವನು ಎಂಬ ಅರ್ಥದ ‘ಕ್ರೆಸ್ತೋಸ್’ ಗುಲಾಮರಲ್ಲಿ ಸಾಮಾನ್ಯವಾಗಿದ್ದ ಹೆಸರು. ಅಂದಿನ ಗ್ರೀಕ್ ಉಚ್ಚಾರಣೆಯಲ್ಲಿ ಇವೆರಡೂ ಬಹಳ ಹತ್ತಿರವಾಗಿದ್ದವು. ಅಭಿಷೇಕದ ಅರ್ಥ ತಿಳಿಯದವರ ಕಿವಿಗೆ ಪರಿಚಿತ ಹೆಸರೇ ಕೇಳಿಸಿದ್ದು ಸಹಜ. 197ರಲ್ಲಿ ಬರೆದ ಕ್ರೈಸ್ತ ಲೇಖಕ ಟರ್ಟುಲಿಯನ್, ನಮ್ಮ ಹೆಸರನ್ನು ಸರಿಯಾಗಿ ಉಚ್ಚರಿಸಲೂ ಬಾರದೆ ನೀವು ಅದನ್ನು ದ್ವೇಷಿಸುತ್ತೀರಿ ಎಂಬ ಅರ್ಥದಲ್ಲಿ ರೋಮನರನ್ನು ಆಕ್ಷೇಪಿಸಿದ್ದಾನೆ.

ನನ್ನ ಮಟ್ಟಿಗೆ ಇಡೀ ಸಾಮಗ್ರಿಯಲ್ಲಿ ಅತ್ಯಂತ ಬೆಲೆಯುಳ್ಳದ್ದು ಬಿಥೂನ್ಯ–ಪೊಂತ ಪ್ರಾಂತ್ಯದ ಅಧಿಪತಿ ಪ್ಲಿನಿಯು ಚಕ್ರವರ್ತಿ ಟ್ರೇಜನ್‌ಗೆ ಸುಮಾರು 111–113ರಲ್ಲಿ ಬರೆದ ಪತ್ರ ಮತ್ತು ಅದಕ್ಕೆ ಬಂದ ಉತ್ತರ. ಬೇರೆ ಅಪರಾಧವಿಲ್ಲದಿದ್ದರೂ ಕೇವಲ ಆ ಹೆಸರಿಗಾಗಿಯೇ ಶಿಕ್ಷಿಸಬೇಕೇ, ಅಥವಾ ಹೆಸರಿಗೆ ಅಂಟಿಕೊಂಡ ಅಪರಾಧಗಳಿಗಾಗಿ ಶಿಕ್ಷಿಸಬೇಕೇ ಎಂಬುದು ಅವನ ಮೊದಲ ಪ್ರಶ್ನೆಗಳಲ್ಲಿ ಒಂದು. ಅವನು ಆರೋಪಿಗಳನ್ನು ಕ್ರೈಸ್ತರೇ ಎಂದು ಮೂರು ಸಲ ಕೇಳುತ್ತಿದ್ದನು. ಹೌದೆಂದು ಹಟ ಹಿಡಿದವರನ್ನು ಮರಣದಂಡನೆಗೆ ಒಪ್ಪಿಸುತ್ತಿದ್ದನು, ರೋಮನ್ ಪೌರರನ್ನು ರೋಮಿಗೆ ಕಳುಹಿಸುತ್ತಿದ್ದನು. ನಿಗದಿತ ದಿನದಂದು ಬೆಳಗಾಗುವ ಮುಂಚೆ ಕೂಡುವುದು, ಕ್ರಿಸ್ತನನ್ನು ದೇವರೆಂಬಂತೆ ಸ್ತುತಿಸಿ ಹಾಡುವುದು, ಕಳ್ಳತನ ಮತ್ತು ವ್ಯಭಿಚಾರ ಮಾಡುವುದಿಲ್ಲವೆಂದು ಪ್ರಮಾಣ ಮಾಡುವುದು, ಮತ್ತೆ ಸೇರಿ ಸಾಮಾನ್ಯ ಊಟ ಮಾಡುವುದು, ಇಷ್ಟೇ ತಮ್ಮ ತಪ್ಪೆಂದು ಅವರು ತಿಳಿಸಿದರು. ಸಭೆಯಲ್ಲಿ ಸೇವಕಿಯರೆಂಬ ಸ್ಥಾನದಲ್ಲಿದ್ದ ಇಬ್ಬರು ಗುಲಾಮ ಹೆಂಗಸರನ್ನು ಚಿತ್ರಹಿಂಸೆಗೆ ಗುರಿಮಾಡಿಯೂ ಅವನಿಗೆ ಬೇರೇನೂ ಸಿಗಲಿಲ್ಲ. ಅವರನ್ನು ಹುಡುಕಿಕೊಂಡು ಹೋಗಬೇಡ, ಆದರೆ ದೂರು ಬಂದು ಸಾಬೀತಾದರೆ ಶಿಕ್ಷಿಸು, ಅನಾಮಧೇಯ ದೂರುಗಳನ್ನು ಸ್ವೀಕರಿಸಬೇಡ ಎಂದು ಟ್ರೇಜನ್ ಉತ್ತರಿಸಿದನು. ಪೇತ್ರನ ಪತ್ರದ ಆರಂಭದಲ್ಲಿ ಹೆಸರಿಸಿರುವ ಊರುಸೀಮೆಗಳಲ್ಲಿ ಪೊಂತ ಮತ್ತು ಬಿಥೂನ್ಯ ಎರಡೂ ಇವೆಯೆಂಬುದನ್ನು ಗಮನಿಸಿ, ಆ ಪತ್ರದ 4ನೆಯ ಅಧ್ಯಾಯವನ್ನು ಪ್ಲಿನಿಯ ಪತ್ರದ ಪಕ್ಕದಲ್ಲಿಟ್ಟು ಓದಿರಿ.

ಹೆಸರು ಸ್ವಂತದ್ದಾದ ಘಟ್ಟ

70ರಲ್ಲಿ ಯೆರೂಸಲೇಮಿನ ದೇವಾಲಯ ನಾಶವಾದ ಮೇಲೆ ಯೆಹೂದಿಗಳ ಮೇಲೆ ರೋಮನರು ತಲಾ ಎರಡು ದ್ರಾಕ್ಮ ತೆರಿಗೆ ಹೇರಿದರು. ಯಾರು ಯೆಹೂದಿ, ಯಾರು ಅಲ್ಲ ಎಂಬುದು ಸರ್ಕಾರದ ಲೆಕ್ಕದ ವಿಷಯವಾದದ್ದು ಹೀಗೆ. ಎರಡು ಸಮುದಾಯಗಳ ಅಗಲಿಕೆಯನ್ನು ಓದುವಾಗ ಸಿದ್ಧಾಂತದ ಜಗಳಗಳಷ್ಟೇ ಇದಕ್ಕೂ ಬೆಲೆ ಕೊಡಬೇಕು. ಆ ಅಗಲಿಕೆ ಎಲ್ಲ ಊರುಗಳಲ್ಲಿಯೂ ಒಂದೇ ವರ್ಷದಲ್ಲಿ ನಡೆದದ್ದಲ್ಲ. 2ನೆಯ ಶತಮಾನದ ಆರಂಭದಲ್ಲಿ ಅಂತಿಯೋಕ್ಯದ ಬಿಷಪ್ ಇಗ್ನೇಷಿಯಸನು ಬಂಧಿಯಾಗಿ ರೋಮಿಗೆ ಸಾಗುತ್ತ ಬರೆದ ಪತ್ರಗಳಲ್ಲಿ, ‘ಕ್ರೈಸ್ತ’ ಎಂಬ ಪದದ ಜೊತೆಗೆ ‘ಕ್ರೈಸ್ತಮತ’ ಎಂಬ ಅರ್ಥದ ಪದವೂ ನಮಗೆ ದೊರೆತಿರುವ ಬರಹಗಳಲ್ಲಿ ಮೊದಲ ಬಾರಿಗೆ ಕಾಣಿಸುತ್ತದೆ. ಅದನ್ನು ಅವನು ಯೆಹೂದಿಮತದ ಎದುರಿಗೆ ನಿಲ್ಲಿಸುತ್ತಾನೆ. ಹೆಸರು ಹುಟ್ಟಿದ ಊರಿನ ಬಿಷಪ್ಪನೇ ಅದನ್ನು ತನ್ನದೆಂದು ಹೇಳಿದವರಲ್ಲಿ ಮೊದಲಿಗನಾಗಿ ನಿಲ್ಲುತ್ತಾನೆ.

ರೋಮನ್ ಚಕ್ರವರ್ತಿ ಕಾನ್‌ಸ್ಟಂಟೈನನ ಕಾಲದ 313ರ ಮತಸ್ವಾತಂತ್ರ್ಯದ ಒಪ್ಪಂದ, 325ರ ನೈಸೀಯ ಮಹಾಸಭೆ, ಅವನ ನಂತರದ 380ರ ಥೆಸಲೋನಿಕದ ಆಜ್ಞೆ ಇವುಗಳನ್ನು ಉಗಮದ ಭಾಗವೆಂದು ಬರೆಯುವವರು ಇದ್ದಾರೆ. ನಿಮ್ಮ ಪಟ್ಟಿಯಲ್ಲಿ ಅವುಗಳಿಗೆ ಜಾಗ ಬೇಡ. ಹೆಸರು ಆ ವೇಳೆಗೆ ಎರಡೂವರೆ ಶತಮಾನಕ್ಕೂ ಹೆಚ್ಚು ಹಳೆಯದಾಗಿತ್ತು. ಪಟ್ಟಿಯನ್ನು 180ರ ಜುಲೈ 17ಕ್ಕೆ ನಿಲ್ಲಿಸಬಹುದು. ಅಂದು ಕಾರ್ಥೇಜಿನಲ್ಲಿ ಅಧಿಪತಿಯ ಮುಂದೆ ಸಿಲ್ಲಿಯಂ ಊರಿನ ಹನ್ನೆರಡು ಮಂದಿ ಗಂಡಸರು ಮತ್ತು ಹೆಂಗಸರ ವಿಚಾರಣೆ ನಡೆಯಿತು. ಮನಸ್ಸು ಬದಲಾಯಿಸಿಕೊಳ್ಳಲು ಮೂವತ್ತು ದಿನಗಳ ಅವಕಾಶ ಕೊಡುತ್ತೇನೆಂದರೂ ಅವರ ಮುಂದಾಳು ಸ್ಪೆರಾತಸನು ನಾನು ಕ್ರೈಸ್ತನೆಂದು ಮತ್ತೊಮ್ಮೆ ಹೇಳಿದನು, ಉಳಿದವರು ಅವನ ಮಾತಿಗೆ ಒಪ್ಪಿದರು. ಆ ವಿಚಾರಣೆಯ ಲ್ಯಾಟಿನ್ ದಾಖಲೆ ಉಳಿದು ಬಂದಿದೆ. ಅದನ್ನು ಓದಿ, ಕೊನೆಯ ಅಂಕಣದಲ್ಲಿ ಹೆಸರಿನ ಮುಂದೆ ‘ತಾವೇ ಹೇಳಿಕೊಂಡದ್ದು’ ಎಂದು ಬರೆಯಿರಿ.